ಇಪ್ಪತ್ತು ಚೌಕ ಹಿಂದೆ ಬಿದ್ದ ಸೋಬಾನೆ

ನಮ್ಮ ಟಾಕೀಸಿನ ಆಪರೇಟರ್ ಮಂಟಯ್ಯನ ಜೇಬಿನಲ್ಲಿ ಮೂರು ಬಾಟಲಿ ನೇಲ್ ಪಾಲಿಶ್ ಸಿಕ್ಕಿದಾಗ ಇಸವಿ ತೊಂಬತ್ತಾರು, ಅವನಿಗೆ ವಯಸ್ಸು ಐವತ್ತಾರು. ಹೆಂಡತಿ ಚಿಕ್ಕಮಾದಮ್ಮ ಸಿದ್ಧಾರ್ಥನಗರದಿಂದ ನೇರ ಬಂದು ಗೇಟ್‌ಕೀಪರ್ ಆದ ನನ್ನನ್ನು ಹಿಡಿದುಕೊಂಡರು. “ಯಾವಳೋ ಅವ್ಳು, ಮಹದೇವು? ನಿಂಗೊತ್ತಿರ್ತದೆ, ಬಾಯ್ಬುಡು!”

ಬಾಯಿ ಬಿಟ್ಟು ಏನು ಪ್ರಯೋಜನ? ಆಕೆಗೆ ಕಿವಿ ಕೇಳಿಸದಾಗಿ ಎರಡು ವರ್ಷವಾಗಿತ್ತು. ಚಾಮುಂಡಿ ಆಣೆಗೂ ಯಾರೂ ಇಲ್ಲ ಎಂದು ಸನ್ನೆಯಲ್ಲೇ ಹೇಳಿ ಕಳಿಸುವಷ್ಟರಲ್ಲಿ ನಾನು ಬೆವತುಹೋದೆ. ಹಿಂದೆ ಆಕೆಯ ಸೋಬಾನೆ ಇಲ್ಲದೆ ಅವರ ಬೀದಿಯ ಯಾವ ಮದುವೆಮನೆಯಲ್ಲೂ ಅರಿಶಿನ ಕಲಸುತ್ತಿರಲಿಲ್ಲ. “ನನ್ ದನಿ ನಂಗೇ ಕೇಳ್ದಿದ್ ಮೇಲೆ ಎಂಗೆ ಹಾಡ್ಲಿ?” ಎಂದು ನಿಲ್ಲಿಸಿದವರು ಮತ್ತೆ ಹಾಡಲೇ ಇಲ್ಲ. “ಮನೆ ಬಿಕೋ ಅಂತದೆ ಕಣೋ,” ಎಂದು ಮಂಟಯ್ಯ ನನ್ನೆದುರು ಅತ್ತದ್ದುಂಟು.

ಪಾಲಿಶ್ ಹೋಗುತ್ತಿದ್ದದ್ದು ಫಿಲ್ಮಿಗೆ. ಹಳೆಯ ರೀಲನ್ನು ಬಟ್ಟೆಸೋಡಾ ನೀರಿನಲ್ಲಿ ತೊಳೆದು ಚಿತ್ರ ಅಳಿಸಿ ಬೋಳು ಮಾಡಿ, ಹಿಂದೆಂದೋ ತುಂಬಿಟ್ಟಿದ್ದ ಹೆಂಡತಿಯ ಹಾಡಿನ ಕ್ಯಾಸೆಟ್ಟಿಗೆ ಸರಿಯಾಗಿ ಫ್ರೇಮಿನ ಒಂದೊಂದೇ ಚೌಕದ ಮೇಲೆ ಬಣ್ಣ ಹಚ್ಚುತ್ತಿದ್ದ. ತಾಳಕ್ಕೆ ಕೆಂಪು ಚುಕ್ಕಿ, ದನಿ ಎಳೆದಲ್ಲಿ ಹಸಿರು ಗೆರೆ. ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕ, ಯಾರಿಗೆ ಬೇಕು ಈ ಕರ್ಮ! “ಹೀರೊ ಇಲ್ಲ, ಫೈಟ್ ಇಲ್ಲ, ಇದ್ಯಾವ ಸಿನಿಮಾನಯ್ಯಾ?” ಎಂದು ರೇಗಿದೆ. “ಕಿವಿಗೆ ಹೋಗ್ದಿದ್ದು ಕಣ್ಣಿಗಾದ್ರೂ ಹೋಗ್ಲಿ ಬುಡು,” ಎಂದ.

ಮೂರು ತಿಂಗಳ ಮೇಲೆ ಒಂದು ಭಾನುವಾರ, ಮಾರ್ನಿಂಗ್ ಶೋಗೆ ಮೊದಲು, ಆಕೆಯನ್ನು ಖಾಲಿ ಟಾಕೀಸಿನಲ್ಲಿ ಕೂರಿಸಿದೆವು. ಮಡಿಲಲ್ಲಿ ಟೇಪ್‌ರೆಕಾರ್ಡರ್, ಅದರ ಸ್ಪೀಕರಿನ ಮೇಲೆ ಆಕೆಯ ಅಂಗೈ. ಟೇಪ್ ಶುರುಮಾಡಲೆಂದೇ ರೀಲಿನ ತುದಿಯಲ್ಲಿ ಅವನು ಹಾಕಿದ್ದ ಗುರುತು ತೆರೆಯ ಮೇಲೆ ಬಂದ ಕೂಡಲೇ ನಾನು ಟೇಪ್ ಒತ್ತಿದೆ. ಚುಕ್ಕಿಗಳು ಕುಣಿದವು. ಸುಳ್ಳೇಕೆ, ನನಗೇ ಕಣ್ಣು ಕೀಳಲಾಗಲಿಲ್ಲ. ಆಕೆ ಮಾತ್ರ ಹುಬ್ಬು ಗಂಟಿಕ್ಕಿದರು.

“ತಾಳ ತಪ್ಪೋಯ್ತು ಕಣಯ್ಯ! ಕೈಗೆ ಮೊದ್ಲು ಬಡೀತದೆ, ಚುಕ್ಕಿ ಆಮೇಲ್ ಬತ್ತದೆ.”

ಮಂಟಯ್ಯ ಕ್ಯಾಬಿನ್ನಿನಿಂದ ಉರಿದುಕೊಂಡು ಇಳಿದುಬಂದ. “ಮೂವತ್ತು ವರ್ಷದ ಸರ್ವಿಸ್ ನಂದು!” ಎಂದವನು ಅಲ್ಲೇ ಹಣೆ ಚಚ್ಚಿಕೊಂಡ. ಸಿನಿಮಾ ರೀಲಿನಲ್ಲಿ ಚಿತ್ರಕ್ಕಿಂತ ಅದರ ಸದ್ದು ಇಪ್ಪತ್ತು ಚೌಕ ಮುಂದಿರುತ್ತದೆ. ಯಂತ್ರದೊಳಗೆ ಸದ್ದು ಓದುವ ಜಾಗವೇ ಬೇರೆ. ಆ ಅಭ್ಯಾಸಕ್ಕೆ ಚುಕ್ಕಿಗಳನ್ನೂ ಇಪ್ಪತ್ತು ಚೌಕ ಹಿಂದಿಟ್ಟಿದ್ದ. ಹಾಡು ರೀಲಿನಲ್ಲಿಲ್ಲ, ಹೆಂಡತಿಯ ಮಡಿಲಲ್ಲಿದೆ ಎಂಬುದು ಆ ಮಹಾನುಭಾವನಿಗೆ ಮರೆತೇಹೋಗಿತ್ತು.

ಮೇಲೆ ಹತ್ತಿ ರೀಲನ್ನು ಮತ್ತೆ ಸುತ್ತಿದ. ಈ ಸಲ ಟೇಪನ್ನು ಒಂದುಸಿರು ತಡೆದು ಒತ್ತಿದೆ. ಆಕೆಯ ಬೆರಳು ಚುಕ್ಕಿಯ ಜೊತೆ ಬಡಿಯತೊಡಗಿತು. ಆಮೇಲೆ ಮೆಲ್ಲಗೆ ಗಂಟಲು ತೆರೆಯಿತು. ಶ್ರುತಿ ಎಲ್ಲೋ, ಟೇಪ್ ಎಲ್ಲೋ. ತಾಳ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಮಂಟಯ್ಯ ಕ್ಯಾಬಿನ್ನಿನ ಕಿಂಡಿಗೆ ಮುಖ ಒತ್ತಿ ಗೊಳೋ ಎಂದು ಅಳುತ್ತಿದ್ದ.

ರೀಲು ಮುಗಿಯಿತು, ಟೇಪೂ ನಿಂತಿತು. ಆಕೆ ನಿಲ್ಲಿಸಲಿಲ್ಲ. ಹೊರಗೆ ಮಾರ್ನಿಂಗ್ ಶೋ ಜನ ಗೇಟು ಬಡಿಯುತ್ತಿದ್ದರು.

“ತಡ್ಕಳ್ರಯ್ಯಾ,” ಎಂದು ಒಳಗಿನಿಂದಲೇ ಗದರಿದೆ. “ಹಾಡಿನ್ನೂ ಮುಗ್ದಿಲ್ಲ.”