ತಲೆಗೊಂದು ಆನಿಕೆ

ನನ್ನ ಅಕ್ಕನನ್ನು ಮೇಲೂರಿಗೆ ಕೊಟ್ಟಿತ್ತು. ಭಾವ ಬಾಡಿಗೆ ಕಾರು ಓಡಿಸುತ್ತಿದ್ದರು. ಮನೆಯಲ್ಲಿ ರೇಷ್ಮೆಹುಳುವೂ ಇತ್ತು, ಅದರ ಕೆಲಸಕ್ಕೆ ನೆರವಾಗಲು ನಾನೂ ಅವರ ಜೊತೆಗಿದ್ದೆ. ಅರವತ್ತರ ದಶಕದ ಆ ಕಾರುಗಳಲ್ಲಿ ಸೀಟಿನ ಬೆನ್ನು ಭುಜದವರೆಗೆ ಬಂದು ನಿಂತುಬಿಡುತ್ತಿತ್ತು. ತಲೆಯ ಹಿಂದೆ ಬರೀ ಗಾಳಿ.

ಒಂದು ಬೆಳಗ್ಗೆ ಅಕ್ಕ ಭಾವ ಇಬ್ಬರೂ ರೇಷ್ಮೆಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಟರು. ಅಕ್ಕ ಹಿಂದಿನ ಸೀಟಿನಲ್ಲಿ. ಅವಳ ತಲೆಯ ಹಿಂದೆ, ಹಿಂದಿನ ಗಾಜು ಮುಚ್ಚುವ ಹಾಗೆ, ಗೂಡಿನ ಚೀಲಗಳು. ಒರಗಬೇಡ, ನಜ್ಜಾದ ಗೂಡನ್ನು ಯಾರೂ ಮುಟ್ಟಲ್ಲ ಅಂತ ಭಾವ ದಾರಿಯುದ್ದಕ್ಕೂ ಗೊಣಗಿದರಂತೆ. ಅಕ್ಕ ಒರಗಿಯೇ ಕೂತಿದ್ದಳು. ಎಮ್ಮೆ ಅಡ್ಡ ಬಂತೆಂದು ಕಾರು ನಿಲ್ಲಿಸಿದಾಗ ಹಿಂದಿನಿಂದ ಲಾರಿ ಗುದ್ದಿತು. ಯಾರಿಗೂ ರಕ್ತ ಬರಲಿಲ್ಲ. ಗೂಡು ಮಾರಿ, ಕಾಫಿ ಕುಡಿದು ಮನೆಗೆ ಬಂದರು.

ಮರುದಿನ ಭಾವನ ಕತ್ತು ತಿರುಗಲಿಲ್ಲ. ಊರವರೆಲ್ಲ ಉಳುಕು ಅಂದರು. ಉಳುಕು ತೆಗೆಯುವವರು ಬಂದು ಕತ್ತನ್ನು ಲಟಕ್ಕೆಂದು ತಿರುವಿದರು. ನೋವು ತೋಳಿಗೂ ಇಳಿಯಿತು. ಕೊನೆಗೆ ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಹೋದೆವು. ಗುದ್ದಿದಾಗ ಸೀಟು ಮೈಯನ್ನು ಮುಂದಕ್ಕೆ ತಳ್ಳಿದೆ, ತಲೆ ಹಿಂದೆ ಉಳಿದು ಚಾವಟಿಯ ಹಾಗೆ ಬೀಸಿದೆ, ಇನ್ನು ಯಾರೂ ಕತ್ತು ತಿರುವಕೂಡದು ಅಂದು ಅವರು ಪಟ್ಟಿ ಕಟ್ಟಿ ಕಳಿಸಿದರು. ನೋವು ಮೆಲ್ಲಗೆ ಕಮ್ಮಿಯಾಯಿತು, ಹೆದರಿಕೆ ಮಾತ್ರ ಕಮ್ಮಿಯಾಗಲಿಲ್ಲ. ಸ್ಟೇರಿಂಗ್ ಮುಂದೆ ಕೂತವರು ಗೇರ್ ಹಾಕದೆಯೇ ಇಳಿದುಬಿಡುತ್ತಿದ್ದರು. ಕಾರು ಮಾರಿಬಿಡ್ತೀನಿ ಅಂತ ಶುರು ಮಾಡಿದರು. ಕಾರಿಲ್ಲದ ಭಾವನನ್ನು ನಾವು ಯಾರೂ ಕಂಡಿರಲಿಲ್ಲ.

ಅಕ್ಕ ಹುಳುವಿಗೆ ಸೊಪ್ಪು ಹಾಕುತ್ತಾ ಒಂದು ದಿನ ನನಗೆ ಹೇಳಿದಳು.

"ಅದೇ ಕಾರು, ಅದೇ ಗುದ್ದು ಕಣೇ. ನನಗೇನೂ ಆಗ್ಲಿಲ್ಲ. ನನ್ ತಲೆ ಹಿಂದೆ ಗೂಡಿತ್ತು. ಅವರ ತಲೆ ಹಿಂದೆ ಏನಿತ್ತು?"

ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಹೆಣೆಯುವವರನ್ನೇ ಕರೆಸಿದಳು. ದಪ್ಪ ಬಿದಿರಿನ ಚೌಕಟ್ಟು ಮಾಡಿಸಿ ಡ್ರೈವರ್ ಸೀಟಿನ ಬೆನ್ನಿಗೆ ಬಿಗಿಸಿದಳು, ಮೇಲೆ ಬೂರುಗದ ಹತ್ತಿಯ ಗಟ್ಟಿ ದಿಂಬು. ಮೊದಲ ಸಲ ಅದು ಕತ್ತಿನ ಬಳಿಗೆ ಬಂದು, ಒತ್ತಿ, ಭಾವ ಮುಖ ಕಿವುಚಿದರು. ಬಿಚ್ಚಿ ಎತ್ತರಿಸಿದಳು. ಆಮೇಲೆ ಸಂದಿ ಜಾಸ್ತಿಯಾಯಿತೆಂದು ಮತ್ತೆ ಬಿಚ್ಚಿದಳು. ಬುರುಡೆಯ ಹಿಂಭಾಗಕ್ಕೆ ಹತ್ತಿರವಾಗಿ ಕೂರುವವರೆಗೂ ಬಿಡಲಿಲ್ಲ. ಅಷ್ಟು ತಾಳ್ಮೆಯನ್ನು ನಾನು ಬೇರೆ ಯಾರಲ್ಲೂ ನೋಡಿಲ್ಲ.

ಮದುವೆಗೆಂದು ಚಿಂತಾಮಣಿಗೆ ಬಾಡಿಗೆ ಗೊತ್ತುಮಾಡಿದ್ದ ಹಿರಿಯರೊಬ್ಬರು ಕಾರು ಹತ್ತುತ್ತಾ ಅದನ್ನು ನೋಡಿದರು.

"ಏನಪ್ಪಾ, ಕ್ಷೌರದಂಗಡಿ ಕುರ್ಚಿ ತಂದಿಟ್ಟಿದೀಯ? ಗಡ್ಡಾನೂ ಮಾಡ್ತೀಯೇನು?"

"ನೀವು ಸುಮ್ನೆ ಕೂತ್ಕೊಳಿ ಸ್ವಾಮಿ. ನಿಮಗೂ ಒಂದು ಮಾಡಿಸಿಕೊಡ್ತಾಳೆ ನಮ್ಮವಳು," ಅಂದರು ಭಾವ. ತಲೆಯನ್ನು ದಿಂಬಿಗೆ ಒಮ್ಮೆ ಆನಿಸಿ ನೋಡಿ, ಗೇರ್ ಹಾಕಿದರು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅಕ್ಕ ನನ್ನನ್ನು ಜಗುಲಿಯ ಮೇಲೆ ನೆಟ್ಟಗೆ ಕೂರಿಸಿ, ಪಕ್ಕದ ಸೀಟಿಗೂ ಒಂದು ಆನಿಕೆ ಬೇಕೆಂದು, ನನ್ನ ಬೆನ್ನಿನಿಂದ ತಲೆಯವರೆಗೆ ಗೇಣು ಹಾಕಿ ಅಳೆಯತೊಡಗಿದಳು.