ಕಿಸೆಯಲ್ಲಿದ್ದ ಎಡಗೈ

ಒಂಟಿಕೈಯ ಅಂಗಡಿ ಎಲ್ಲಿ ಎಂದು ಕೇಳಿಕೊಂಡು ಬಂದ ಹೊಸ ಗಿರಾಕಿಗಳು, ಅವನ ಎರಡೂ ಕೈಗಳನ್ನು ನೋಡಿ ಮೋಸಹೋದವರಂತೆ ನಿಂತುಬಿಡುತ್ತಿದ್ದರು. ಕೈಗಳೇನೋ ಎರಡಿದ್ದವು. ಆದರೆ ಕರೆಂಟು ಹರಿಯುವ ಯಾವ ಸಾಮಾನಿನ ಮುಂದೆ ಕೂತರೂ ಅವನ ಎಡಗೈ ಪ್ಯಾಂಟಿನ ಕಿಸೆಯೊಳಗೆ ಹೋಗಿ ಅಗುಳಿ ಹಾಕಿಕೊಳ್ಳುತ್ತಿತ್ತು. ಒಂದು ಕೈಯಿಂದ ಹೊಕ್ಕ ಕರೆಂಟು ಇನ್ನೊಂದು ಕೈಯಿಂದ ಹೊರಡಬೇಕಾದರೆ ಎದೆಯ ಮೇಲೇ ಹಾದುಹೋಗಬೇಕು. ಆ ದಾರಿಯನ್ನೇ ಮುಚ್ಚಿಬಿಡುವುದು ಕಿಸೆಯ ಕೆಲಸ. ಮೂವತ್ತು ವರ್ಷಗಳ ಈ ವ್ರತದಿಂದ ಅವನ ಪ್ಯಾಂಟುಗಳ ಎಡಗಿಸೆಗಳೆಲ್ಲ ಜೋತುಬಿದ್ದಿದ್ದವು. ಮಗಳ ಮದುವೆಯ ಫೋಟೋದಲ್ಲೂ ಅವನು ಏನನ್ನೋ ಕದ್ದು ಬಚ್ಚಿಟ್ಟುಕೊಂಡವನ ಹಾಗೆಯೇ ನಿಂತಿದ್ದ.

ಸುಟ್ಟ ಟೀವಿಗಳು, ಗೊರಕೆ ಹೊಡೆಯುವ ಆಂಪ್ಲಿಫೈಯರುಗಳು, ಬಾಯಿ ಕಟ್ಟಿದ ರೇಡಿಯೋಗಳು: ಇವುಗಳ ಮೇಲೆ ಅವನು ಸಾರಿದ ಯುದ್ಧಗಳಿಗೆ ಲೆಕ್ಕವಿಲ್ಲ. ಆದರೆ ಈಗ ಐವತ್ತೇಳು. ಶೌರ್ಯದ ವಯಸ್ಸು ದಾಟಿ ಕಾಲು ಊದುವ ವಯಸ್ಸಿಗೆ ಬಂದಿದ್ದ. ಬೆಳಿಗ್ಗೆ ಷಟರ್ ಎತ್ತುವುದರೊಳಗೇ ಅರ್ಧ ಜೀವ ಸವೆಯುತ್ತಿತ್ತು. ಉಳಿದರ್ಧದಲ್ಲಿ ದಿನ ದೂಡಬೇಕು. ಕನ್ನಡಕದ ಮೇಲೊಂದು ಕನ್ನಡಕ ಹಾಕಿ ಬೆಸುಗೆ ಹಾಕುತ್ತಿದ್ದ. ಕೈ ತಪ್ಪಿ ಸ್ಕ್ರೂ ಕೆಳಗೆ ಬಿದ್ದರೆ ಬಗ್ಗುವ ಮುಂಚೆ, ಇದು ಅಷ್ಟು ಮುಖ್ಯವಾದ ಸ್ಕ್ರೂ ಹೌದೇ ಎಂದು ಧ್ಯಾನ ಮಾಡುತ್ತಿದ್ದ.

ಹಿಂದಿನ ವರ್ಷ ಒಂದು ಟೀವಿ ಅವನನ್ನು ಸೋಲಿಸಿತ್ತು. ಕಿಸೆಯಲ್ಲಿ ಕೈಯೇನೋ ಇತ್ತು, ಆದರೆ ಮೊಣಕೈ ಮೇಜಿನ ಕಬ್ಬಿಣದ ಅಂಚಿಗೆ ತಾಗಿತ್ತು. ಸ್ಟೂಲಿನ ಸಮೇತ ಉರುಳಿಬಿದ್ದ. ಮಹಡಿಯ ಮೇಲೆ ಬಟ್ಟೆ ಹೊಲಿಯುತ್ತಿದ್ದ ಹೆಂಡತಿ ಕತ್ತರಿ ಹಿಡಿದುಕೊಂಡೇ ಇಳಿದು ಬಂದಳು. ನೆಲದಲ್ಲಿ ಬಿದ್ದಿದ್ದ ಗಂಡನನ್ನು ನೋಡಿದಳು, ಉಸಿರಾಡುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡಳು, ಆಮೇಲೆ ಹೇಳಿದಳು:

"ಇನ್ನೊಂದು ಸಲ ಹೀಗೆ ಹೊಡೆಸಿಕೊಂಡ್ರೆ ಅಂಗಡಿ ಮುಚ್ಚಿದ ಹಾಗೇ. ಷಟರ್ ನಾನೇ ಎಳೀತೀನಿ. ಹಿಡಿಯೋಕೆ ಬರಬೇಡಿ."

ಅವಳು ಬರೀ ಬಾಯಿಮಾತಿನವಳಲ್ಲ. ಹಿಂದೆ ಸಿಗರೇಟಿನ ವಿಷಯದಲ್ಲೂ ಹೀಗೇ ಒಂದೇ ಒಂದು ಸಲ ಹೇಳಿದ್ದಳು. ಆವತ್ತಿನಿಂದ ಅವನು ಬೆಂಕಿಪೊಟ್ಟಣ ಕಂಡರೂ ಮುಖ ತಿರುಗಿಸುತ್ತಿದ್ದ. ಅಂಗಡಿ ಹೋದರೆ ತನಗೆ ಉಳಿಯುವುದು ಮಹಡಿಯ ಮೇಲಿನ ಪ್ಲಾಸ್ಟಿಕ್ ಕುರ್ಚಿ ಮಾತ್ರ ಎಂಬುದು ಅವನಿಗೆ ಗೊತ್ತಿತ್ತು. ಸುಸ್ತಾಗುತ್ತಿತ್ತು, ನಿಜ. ಆದರೆ ಸುಸ್ತಾಗುವುದಕ್ಕೂ ಒಂದು ಜಾಗ ಬೇಕಲ್ಲ.

ಹಾಗಾಗಿ ಎರಡು ತಿಂಗಳು ಕೂತು ಒಂದು ಪೆಟ್ಟಿಗೆ ಕಟ್ಟಿದ. ನೋಡಲು ಟ್ರಂಕು, ತೂಕದಲ್ಲಿ ಆನೆಮರಿ. ಮುಂದೆ ಒಂದು ದೊಡ್ಡ ತಿರುಗಣೆ, ಎರಡು ಮುಳ್ಳಿನ ಮೀಟರು, ಸಾಮಾನು ಚುಚ್ಚಲು ಎರಡು ತೂತಿನ ಒಂದೇ ಒಂದು ಸಾಕೆಟ್ಟು. ತಿರುಗಣೆಯನ್ನು ಸೊನ್ನೆಯಿಂದ ಮೆಲ್ಲಗೆ ತಿರುಗಿಸಿದಷ್ಟೇ ವೋಲ್ಟು ಏರುತ್ತದೆ. ಒಳಗೆ ಎಲ್ಲಾದರೂ ಕೆಟ್ಟಿದ್ದರೆ, ಸಾಮಾನು ಎಳೆಯುವ ಕರೆಂಟನ್ನು ತೋರಿಸುವ ಎರಡನೆಯ ಮುಳ್ಳು ನಲವತ್ತು ವೋಲ್ಟಿಗೇ ಎದ್ದು ಕುಣಿಯುತ್ತದೆ, ಹೊಗೆ ಬರುವ ಮುಂಚೆಯೇ ಆರಿಸಬಹುದು. ಆದರೆ ಪೆಟ್ಟಿಗೆಯ ನಿಜವಾದ ಮಹಿಮೆ ಅದಲ್ಲ. ಅದರ ಹೊಟ್ಟೆಯಲ್ಲಿ ಒಂದಕ್ಕೊಂದು ತಾಗದ ಎರಡು ತಂತಿಯ ಸುರುಳಿಗಳಿದ್ದವು. ಬೀದಿಯ ಕರೆಂಟು ಮೊದಲನೆಯದರಲ್ಲೇ ಸುತ್ತಿ ಹಿಂತಿರುಗುತ್ತದೆ. ಎರಡನೆಯದರಲ್ಲಿ ಹೊಸ ಕರೆಂಟು ಹುಟ್ಟುತ್ತದೆ. ಬೀದಿಯ ಕರೆಂಟಿಗೆ ಯಾವಾಗಲೂ ನೆಲ ಸೇರುವ ಚಪಲ. ನೆಲದ ಮೇಲೆ ನಿಂತ ಮನುಷ್ಯನೇ ಅದಕ್ಕೆ ಏಣಿ. ಪೆಟ್ಟಿಗೆಯಲ್ಲಿ ಹುಟ್ಟಿದ್ದಕ್ಕೆ ನೆಲದ ಗುರುತೇ ಇಲ್ಲ. ತಪ್ಪಿ ಒಂದು ತಂತಿ ಮುಟ್ಟಿದರೂ ಹೊಡೆಯುವುದಿಲ್ಲ. ಎರಡೂ ತಂತಿಗಳನ್ನು ಎರಡು ಕೈಯಲ್ಲಿ ಹಿಡಿದ ಮಹಾನುಭಾವನನ್ನು ಮಾತ್ರ ಯಾವ ಪೆಟ್ಟಿಗೆಯೂ ಕಾಯದು. ಆದ್ದರಿಂದ ಎಡಗೈ ಕಿಸೆಯಲ್ಲೇ ಉಳಿಯಿತು.

ಇದನ್ನೆಲ್ಲ ಅವನು ಹೆಂಡತಿಗೆ ವಿವರಿಸಿದ. ಅವಳು ಕೊನೆವರೆಗೂ ಕೇಳಿ ಒಂದೇ ಪ್ರಶ್ನೆ ಹಾಕಿದಳು: "ಅದು ಸರಿಯಾಗಿದೆ ಅಂತ ನಂಗೆ ಹೇಗೆ ಗೊತ್ತಾಗತ್ತೆ?"

ಅದಕ್ಕೆಂದೇ ಬಲ್ಬಿನ ಪರೀಕ್ಷೆ ಬಂತು. ಹೋಲ್ಡರಿನಲ್ಲಿ ಒಂದು ಹಳೇ ಕಾಲದ ಬಲ್ಬು, ಅದಕ್ಕೆ ಎರಡು ತಂತಿ. ಒಂದನ್ನು ಗೋಡೆಯ ಅರ್ತಿಂಗಿಗೆ, ಅಂದರೆ ನೆಲಕ್ಕೆ ಇಳಿದ ತಂತಿಗೆ, ಸಿಕ್ಕಿಸಿ, ಇನ್ನೊಂದನ್ನು ಸಾಕೆಟ್ಟಿನ ಒಂದೊಂದು ತೂತಿಗೂ ಹಿಡಿಯಬೇಕು. ಎರಡು ಸಲವೂ ಬಲ್ಬು ಹೊತ್ತಬಾರದು. ಹೊತ್ತಿತೆಂದರೆ ಪೆಟ್ಟಿಗೆಯ ಕರೆಂಟು ನೆಲದ ಜೊತೆ ಸ್ನೇಹ ಬೆಳೆಸಿದೆ ಎಂದರ್ಥ. ದಿನಾ ಬೆಳಿಗ್ಗೆ, ಮೊದಲ ಸಾಮಾನು ಚುಚ್ಚುವ ಮುಂಚೆ, ತಪ್ಪದೆ ನೋಡುತ್ತೇನೆಂದು ಅವನು ಮಾತು ಕೊಟ್ಟ.

ಐದು ತಿಂಗಳು ನೋಡಿದ. ಬಲ್ಬು ಇರುವುದು ಕೆಳಗಿನ ಹಲಗೆಯಲ್ಲಿ; ಬಗ್ಗಬೇಕು. ಒಂದು ಸೋಮವಾರ ಮಂಡಿ ಬೇಡವೆಂದಿತು. ನಿನ್ನೆ ಸರಿಯಿದ್ದದ್ದು ಇವತ್ತೇನಾಗುತ್ತದೆ ಎಂದುಕೊಂಡ. ಮಂಗಳವಾರ, ಮೊನ್ನೆ ಸರಿಯಿತ್ತಲ್ಲ ಎಂದುಕೊಂಡ. ಬುಧವಾರ ಏನೂ ಅಂದುಕೊಳ್ಳಲಿಲ್ಲ.

ಆ ವಾರ ಅಂಗಡಿಯ ಗಿರಾಕಿ ಕುರ್ಚಿಯಲ್ಲಿ ಹೆಂಡತಿಯ ಅಣ್ಣ ವಾಸವಾಗಿದ್ದ. ಮೂವತ್ತೆರಡು ವರ್ಷ ಕಂಬ ಹತ್ತಿ ನಿವೃತ್ತನಾದ ಲೈನ್‌ಮನ್. ಹತ್ತಲು ಕಂಬವಿಲ್ಲದೆ ದಿನವಿಡೀ ಪೇಪರು ಓದುತ್ತಿದ್ದ, ಆದರೂ ಅಂಗಿಯ ಜೇಬಿನಲ್ಲಿ ಟೆಸ್ಟರು ಪೆನ್ನಿನ ಹಾಗೆ ಸಿಕ್ಕಿಕೊಂಡೇ ಇತ್ತು. ಅವನಿಗೆ ಇವನು ಭಾವ, ಇವನಿಗೆ ಅವನು ಭಾವ; ಒಬ್ಬರು ಕರೆದರೆ ಇಬ್ಬರೂ ಓಗೊಡುತ್ತಿದ್ದರು.

ಬುಧವಾರ ಮಧ್ಯಾಹ್ನ ಮೇಜಿನ ಮೇಲಿದ್ದುದು ನಿವೃತ್ತ ಟೀಚರಮ್ಮನೊಬ್ಬರ ಹಳೆಯ ರೇಡಿಯೋ. ಅದರ ತಳದ ತಗಡೇ ಕರೆಂಟಿನ ಒಂದು ತಂತಿಗೆ ಕಟ್ಟಿಕೊಂಡಿರುವ ಜಾತಿಯದು; ಮುಚ್ಚಳ ತೆಗೆದರೆ ಇಡೀ ರೇಡಿಯೋ ಹೆಡೆ ಎತ್ತಿದ ಹಾವು. ಒಂಟಿಕೈ ತಿರುಗಣೆ ತಿರುಗಿಸಿದ. ನಲವತ್ತು, ಎಂಬತ್ತು, ನೂರೈವತ್ತು. ಎರಡನೆಯ ಮುಳ್ಳು ಕುಣಿಯಲಿಲ್ಲ. ಪೂರಾ ಏರಿಸಿದಾಗ ರೇಡಿಯೋ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಗುಂಯ್‌ಗುಟ್ಟಿತು. ಎಡಗೈ ಕಿಸೆಗೆ ಹೋಯಿತು. ಆಯಾಸಕ್ಕೆ ಮೊಣಕೈಯನ್ನು ಮೇಜಿನ ಕಬ್ಬಿಣದ ಅಂಚಿಗೆ ಊರಿ, ಬಲಗೈ ಬೆರಳನ್ನು ಒಳಗೆ ಹಾಕಬೇಕು, ಅಷ್ಟರಲ್ಲಿ ಹೆಂಡತಿ ಟೀ ತಂದಳು.

"ರೀ, ಬಲ್ಬು ನೋಡಿದ್ರಾ?"

"ಹ್ಞೂಂ."

"ಯಾವಾಗ?"

"ಬೆಳಿಗ್ಗೆ."

ಅವಳು ಲೋಟ ಇಟ್ಟು, ಕೆಳಗಿನ ಹಲಗೆಗೆ ಬಗ್ಗಿ, ಬಲ್ಬಿನ ಮೇಲೆ ಬೆರಳಾಡಿಸಿ, ಆ ಬೆರಳನ್ನು ಅವನ ಎರಡು ಕನ್ನಡಕಗಳ ಮುಂದೆ ಹಿಡಿದಳು.

"ಬೆಳಿಗ್ಗೆ ಮುಟ್ಟಿದ ಬಲ್ಬಿಗೆ ಮಧ್ಯಾಹ್ನಕ್ಕೇ ಇಷ್ಟು ಧೂಳಾ? ಇದು ಅಂಗಡೀನಾ, ಹಿಟ್ಟಿನ ಗಿರಣೀನಾ?"

ಅವನು ಟೀ ಲೋಟವನ್ನು ಪಕ್ಕಕ್ಕೆ ಸರಿಸಿದ. ತಿರುಗಣೆಯನ್ನು ಸೊನ್ನೆಗೆ ತಂದು ರೇಡಿಯೋ ಕಿತ್ತ. ಬಲ್ಬಿನ ಒಂದು ತಂತಿಯನ್ನು ಅರ್ತಿಂಗಿಗೆ ಸಿಕ್ಕಿಸಿದ, ಇನ್ನೊಂದನ್ನು ಮೊದಲ ತೂತಿಗೆ ಹಾಕಿ ತಿರುಗಣೆ ಏರಿಸಿದ. ಬಲ್ಬು ಕತ್ತಲೆ.

"ನೋಡಿದ್ಯಾ? ಸುಮ್ನೆ ಅನುಮಾನ ನಿಂಗೆ."

"ಇನ್ನೊಂದು ತೂತು?"

ಎರಡನೆಯ ತೂತಿನಲ್ಲಿ ಬಲ್ಬು ಧಗ್ಗನೆ ಹೊತ್ತಿಕೊಂಡಿತು. ಅಂಗಡಿಯ ಮೂಲೆಮೂಲೆಯ ಧೂಳೂ ಬೆಳಗಿತು. ಗಂಡ ಹೆಂಡತಿ ಇಬ್ಬರೂ ಮೊದಲು ಬಲ್ಬನ್ನು ನೋಡಿದರು, ಆಮೇಲೆ ಅವನ ಮೊಣಕೈಯನ್ನು.

ಗಿರಾಕಿ ಕುರ್ಚಿಯಲ್ಲಿ ಪೇಪರು ಕೆಳಗಿಳಿಯಿತು. "ಹಾಂ, ಈಗ ಸರಿಯಾಗಿದೆ ನೋಡಿ ಭಾವ," ಎಂದ ಲೈನ್‌ಮನ್, ತೃಪ್ತಿಯಿಂದ. "ಒಂದು ಹೊತ್ತಬೇಕು, ಒಂದು ಹೊತ್ತಬಾರದು. ಮೊದಲು ಹಾಗಿರಲಿಲ್ಲ."

"ಅಣ್ಣ, ನೀನೇನಾದ್ರೂ ಮಾಡಿದ್ಯಾ?"

"ಮಾಡದೆ ಇರೋಕಾಗತ್ತಾ? ಸೋಮವಾರ ಭಾವ ಊಟಕ್ಕೆ ಮೇಲೆ ಹೋದಾಗ ಟೆಸ್ಟರ್ ಇಟ್ಟು ನೋಡಿದೆ. ಎರಡೂ ತೂತಲ್ಲಿ ಮಿಣಿಮಿಣಿ ಅಂತಿತ್ತು. ಕರೆಂಟು ವಾಪಸ್ ಹೋಗೋ ತಂತಿ, ನ್ಯೂಟ್ರಲ್ಲು, ಕಿತ್ತುಹೋದ್ರೆ ಹಾಗೇ ಆಗೋದು. ಕಂಬದಲ್ಲಿ ಹಾಗಾದ್ರೆ ಬೀದಿಗೆ ಬೀದಿನೇ ಸುಡತ್ತೆ. ಅದಕ್ಕೇ ಹಿಂದಿನ ಮುಚ್ಚಳ ಬಿಚ್ಚಿ ಒಂದು ತೂತಿಂದ ಪೆಟ್ಟಿಗೆ ಮೈಗೆ ಅರ್ತಿಂಗ್ ಎಳೆದೆ. ಹಸಿರು ವೈರು, ಎರಡು ಸ್ಕ್ರೂ, ಗಟ್ಟಿಯಾಗಿ."

"ಹೇಳಬಾರದಾ ಭಾವ?"

"ಒಳ್ಳೆ ಕೆಲಸ ಮಾಡಿ ಡಂಗುರ ಹೊಡೀಲಾ?"

ಒಂಟಿಕೈ ಗೋಡೆಯಿಂದ ಪ್ಲಗ್ಗು ಕಿತ್ತು ಮುಚ್ಚಳ ಬಿಚ್ಚಿದ. ಹಸಿರು ವೈರು ಅಲ್ಲಿತ್ತು, ನೂರು ವರ್ಷ ಬಾಳುವ ಹಾಗೆ ಬಿಗಿದಿತ್ತು. ಮೂವತ್ತೆರಡು ವರ್ಷ ಊರಿನ ಪ್ರಾಣ ಕಾಪಾಡಿದ ಕೈ ಅದೇ ಶ್ರದ್ಧೆಯಿಂದ ತನ್ನ ಪ್ರಾಣಕ್ಕೆ ಹೊಂಚು ಹಾಕಿದ್ದನ್ನು ಅವನು ನೋಡಿದ. ಬೈಯಲು ಶಕ್ತಿ ಬೇಕು, ಇರಲಿಲ್ಲ; ಸ್ಕ್ರೂಡ್ರೈವರ್ ಎತ್ತಿಕೊಂಡು ಆ ಎರಡು ಸ್ಕ್ರೂ ಬಿಚ್ಚತೊಡಗಿದ.

"ಭಾವ, ಪೆಟ್ಟಿಗೆ ಮೈಗೆ ಅರ್ತಿಂಗ್ ಇರಲೇಬೇಕು, ನಾನೇ ಕೊಟ್ಟಿದ್ದೀನಿ. ಈ ತೂತುಗಳಿಗೆ ಮಾತ್ರ ಇರಬಾರದು. ಇವಕ್ಕೆ ನೆಲ ಗೊತ್ತಿಲ್ಲ ಅನ್ನೋದೇ ನನ್ನ ರಕ್ಷೆ. ನೀವು ಪರಿಚಯ ಮಾಡಿಸಿಬಿಟ್ರಿ. ಟೆಸ್ಟರಲ್ಲಿ ಮಿಣಿಮಿಣಿ ಅನ್ನೋದು ಬರೀ ಹುಸಿ, ಅದಕ್ಕೆ ಒಂದು ಚಿಟಿಕೆ ಕರೆಂಟು ಸಾಕು. ಬಲ್ಬು ಹೊತ್ತಿಸೋಕೆ ತಾಕತ್ತು ಬೇಕು, ಅದಕ್ಕೇ ಬಲ್ಬು."

ಲೈನ್‌ಮನ್ ತನ್ನ ಟೆಸ್ಟರನ್ನು ಜೇಬಿನಿಂದ ತೆಗೆದು, ಮನೆಯವರೇ ಮೋಸ ಮಾಡಿದರೆಂಬಂತೆ ದಿಟ್ಟಿಸಿದ. "ಅರ್ತಿಂಗ್ ಬಿಚ್ಚೋದನ್ನ ಕಣ್ಣಾರೆ ನೋಡೋ ದಿನ ಬರತ್ತೆ ಅಂದ್ಕೊಂಡಿರಲಿಲ್ಲ," ಎಂದ, ತುಂಬ ಮೆತ್ತಗೆ.

ಹೆಂಡತಿ ಷಟರಿನ ಬಳಿ ನಿಂತಿದ್ದಳು. ಕೈ ಅದರ ಹಿಡಿಯ ಮೇಲಿತ್ತು.

"ಹೊಡೆಸಿಕೊಂಡಿಲ್ಲ ಕಣೇ," ಎಂದ ಅವನು.

"ಹೊಡೆಸಿಕೊಂಡಿಲ್ಲ. ಅಣ್ಣ ತಿಳೀದೆ ಮಾಡಿದ. ನೀವು ತಿಳಿದೂ ನೋಡಲಿಲ್ಲ, ಮೇಲಿಂದ ನೋಡಿದೆ ಅಂದ್ರಿ."

"ಮಂಡಿ ಬಗ್ಗಲಿಲ್ಲ."

"ಅದನ್ನೇ ಹೇಳಬೇಕಿತ್ತು. ನನ್ನ ಮಂಡಿ ಇನ್ನೂ ಬಗ್ಗತ್ತೆ."

ಅವಳು ಹಿಡಿ ಬಿಟ್ಟು ಒಳಗೆ ಬಂದಳು. ಪೆಟ್ಟಿಗೆಗೆ ಬೀದಿಯ ಕರೆಂಟು ತರುವ ದಪ್ಪ ವೈರು ಎರಡೂ ಕಡೆ ಕಿತ್ತರೆ ಬರುವಂಥದ್ದು. ಅದನ್ನು ಕಿತ್ತು, ಸುತ್ತಿ, ಅಳತೆ ಟೇಪಿನ ಜೊತೆ ಕೊರಳಿಗೆ ಹಾಕಿಕೊಂಡಳು. "ಇನ್ಮೇಲೆ ಬಲ್ಬು ನಾನೇ ನೋಡೋದು. ಎರಡು ಸಲ ಕತ್ತಲೆ ಕಂಡ ಮೇಲೇ ಈ ವೈರು ನಿಮಗೆ. ಸಂಜೆ ವಾಪಸ್ಸು. ಟೀ ಆರತ್ತೆ, ಕುಡೀರಿ."

ಆಮೇಲೆ ಹಾಗೇ ನಡೆಯಿತು. ಒಂದು ರಟ್ಟಿನ ಮೇಲೆ 'ಈ ತೂತುಗಳಿಗೆ ಅರ್ತಿಂಗ್ ಕೊಡಬಾರದು' ಎಂದು ಲೈನ್‌ಮನ್ ತನ್ನ ಕೈಯಾರೆ ಬರೆದು ಪೆಟ್ಟಿಗೆಗೆ ಅಂಟಿಸಿದ; ಬರೆಯಲು ಅರ್ಧ ದಿನ ಹಿಡಿಯಿತು, ಕೈ ಒಪ್ಪುತ್ತಿರಲಿಲ್ಲ. ಬೆಳಿಗ್ಗೆ ಒಂಟಿಕೈ ಷಟರ್ ಎತ್ತಿ, ಸ್ಟೂಲಿನ ಮೇಲೆ ಕೂತು, ಮೇಲೆ ಹೊಲಿಗೆ ಯಂತ್ರ ನಿಲ್ಲುವುದನ್ನೇ ಕಾಯುತ್ತಾನೆ. ಅವಳು ಯಾವತ್ತೂ ಹಿಡಿದ ಹೊಲಿಗೆ ಮುಗಿಸದೆ ಇಳಿಯುವುದಿಲ್ಲ. ಮೇಜಿನ ಮೇಲೆ ಕರೆಂಟಿಲ್ಲದ ಆ ಕಾಲು ಗಂಟೆ, ಎದೆ ಕಾಯುವ ಕೆಲಸವಿಲ್ಲದ ಎಡಗೈ ಕಿಸೆಯಿಂದ ಹೊರಗೆ ಬಂದು, ತೊಡೆಯ ಮೇಲೆ ಬಿಸಿಲಿಗೆ ಮಲಗಿರುತ್ತದೆ.