ಸೊನ್ನೆ ಹಾಕುವ ಉಳವಪ್ಪ

ಸಾಂಬ್ರಾಣಿ ಎಂಬ ಊರಿನ ಉಳವಪ್ಪನಿಗೆ ಅಲ್ಲಿನ ಅಷ್ಟೂ ಮನೆತನಗಳ ಏಳು ತಲೆಮಾರು ಬಾಯಿಪಾಠ. ಯಾರು ಯಾರಿಗೆ ದಾಯಾದಿ, ಯಾರು ಸತ್ತರೆ ಯಾರಿಗೆ ಸೂತಕ, ಯಾವ ಹೊಲದಲ್ಲಿ ಯಾರಿಗೆ ಎಷ್ಟು ಪಾಲು, ಎಲ್ಲವನ್ನೂ ಕೇಳಿದವರಿಗೆ ಹೇಳುತ್ತಿದ್ದ, ಕೇಳದವರಿಗೆ ಇನ್ನೂ ವಿಸ್ತಾರವಾಗಿ ಹೇಳುತ್ತಿದ್ದ. ಹೊಲ ಹೆಸರಿಗೆ ಮಾಡಿಸಿಕೊಳ್ಳಬೇಕಾದವರು ಊರಿನ ಜಮೀನಿನ ಲೆಕ್ಕ ಬರೆಯುವ ತಲಾಠಿಯನ್ನು ಕಾಣುವ ಮುಂಚೆ ಇವನ ಕಟ್ಟೆಗೆ ಬಂದು ವಂಶಾವಳಿ ಬರೆಸಿಕೊಂಡು ಹೋಗಬೇಕು. ಕಾಗದದ ತಲೆಯಲ್ಲಿ ಮೂಲಪುರುಷ, ಅವನ ಕೆಳಗೆ ಮಕ್ಕಳು, ಮೊಮ್ಮಕ್ಕಳು, ಎಲ್ಲರೂ ಗಂಡಸರೇ. ಹೆಂಗಸರು ಆ ಕಾಗದದ ಮೇಲೆ ಕಾಲಿಡುವ ಹಾಗಿರಲಿಲ್ಲ. ಅಷ್ಟು ಗಂಡಸರು ಒಬ್ಬರಿಂದೊಬ್ಬರು ಹೇಗೆ ಹುಟ್ಟಿಕೊಂಡರೋ ಆ ಶಿವನೇ ಬಲ್ಲ.

ಬರೀ ಹೆಣ್ಣುಮಕ್ಕಳನ್ನು ಬಿಟ್ಟು ಸತ್ತವನ ಹೆಸರು ಬಂದರೆ ಉಳವಪ್ಪ ಅದರ ಕೆಳಗೊಂದು ಸೊನ್ನೆ ಹಾಕುತ್ತಿದ್ದ. ಅಲ್ಲಿಗೆ ಆ ಕವಲು ಮುಗಿಯಿತು, ಹೊಲ ದಾಯಾದಿಗಳಿಗೆ ಎಂದು ಅರ್ಥ. ಸೊನ್ನೆ ದುಂಡಗೆ ಬರಲಿ ಎಂದು ಕಿಸೆಯಲ್ಲಿ ಹಳೆಯದೊಂದು ತಾಮ್ರದ ಬಿಲ್ಲೆ ಇಟ್ಟುಕೊಂಡಿದ್ದ. ಊರಿನ ಎಷ್ಟೋ ವಿಧವೆಯರ ಅನ್ನ ಆ ಬಿಲ್ಲೆಯ ಸುತ್ತ ಪೆನ್ಸಿಲ್ ತಿರುಗುವುದರೊಳಗೆ ಕೈತಪ್ಪಿತ್ತು.

ಅರವತ್ತೆರಡರ ಮಳೆಗಾಲದಲ್ಲಿ ಅವನ ತಮ್ಮ ಲಗಮಪ್ಪ ಜ್ವರದಿಂದ ತೀರಿಕೊಂಡ. ದಾಂಡೇಲಿಯ ಕಾಗದದ ಮಿಲ್ಲಿಗೆ ಬಿದಿರು ಹೇರುತ್ತಿದ್ದವನು. ಹಿಂದೆ ಉಳಿದದ್ದು ಹೆಂಡತಿ ಮಾಲವ್ವ, ಎಂಟು ವರ್ಷದ ಮಗಳು, ಹಳ್ಳದ ದಂಡೆಯ ಮೂರೆಕರೆ ಗದ್ದೆ. ಉಳವಪ್ಪ ಎದೆ ಬಡಿದುಕೊಂಡು ಅತ್ತ. ಒಂಬತ್ತನೇ ದಿನ ಕಣ್ಣೊರೆಸಿಕೊಂಡು ತಮ್ಮನ ಹೆಸರಿನ ಕೆಳಗೆ ಸೊನ್ನೆ ಹಾಕಿದ. ಅತ್ತದ್ದೂ ಸುಳ್ಳಲ್ಲ, ಹಾಕಿದ್ದೂ ಸುಳ್ಳಲ್ಲ. ತಮ್ಮನ ಮಗಳನ್ನು ಅವಳು ಹುಟ್ಟಿದಾಗಿನಿಂದಲೂ ಅವನು ಕರೆಯುತ್ತಿದ್ದದ್ದು "ಏ ಹುಡುಗಿ" ಎಂದೇ. ಕಾಗದಕ್ಕೆ ಬರದವರ ಹೆಸರು ಕಟ್ಟಿಕೊಂಡು ಮಾಡುವುದೇನು?

ಗದ್ದೆ ಹೋದರೆ ಮಾಲವ್ವ ಮಗಳನ್ನು ಕಟ್ಟಿಕೊಂಡು ಕಂಡವರ ಹೊಲದಲ್ಲಿ ಕಳೆ ಕೀಳಬೇಕಿತ್ತು. ಅವಳು ತಲಾಠಿಯ ಹತ್ತಿರ ಹೋಗಿ ಕೇಳಿಕೊಂಡಳು. ಹೊಸ ಕಾಯದೆಯಲ್ಲಿ ಹೆಂಡತಿ, ಮಗಳಿಗೂ ಹಕ್ಕಿದೆ ಎಂದು ತಲಾಠಿ ಉಳವಪ್ಪನಿಗೆ ಹೇಳಿಯೂ ನೋಡಿದ. ಕಾಯದೆ ದಿಲ್ಲಿಯದು, ವಂಶ ಸಾಂಬ್ರಾಣಿಯದು ಎಂದುಬಿಟ್ಟ ಉಳವಪ್ಪ. ಸೋಮವಾರ ಚಾವಡಿಯಲ್ಲಿ ಹಿರಿಯರ ಮುಂದೆ ಕೂತು ಮುಗಿಸೋಣ ಎಂದಾಯಿತು.

ಅದೇ ವಾರ ಊರಲ್ಲಿ ಇನ್ನೊಂದು ಗದ್ದಲ ಎದ್ದಿತ್ತು. ಮುಂಡಗೋಡದ ಕಡೆಯ ತಾಂಡಾದಿಂದ ಬಂದ ಸೋಮಲಪ್ಪ ಮಾಸ್ತರ, "ಮಂಗ್ಯಾ ನಮ್ಮ ಅಜ್ಜ" ಎಂದು ಸಾಲೆಯಲ್ಲಿ ಕಲಿಸುತ್ತಿದ್ದಾನಂತೆ. ವಂಶದ ಮಾತು ಬಂದ ಮೇಲೆ ವಿಚಾರಿಸಲು ಇನ್ನಾರು ಹೋಗಬೇಕು? ಉಳವಪ್ಪ ರುಮಾಲು ಸುತ್ತಿಕೊಂಡು ಜಗಳಕ್ಕೆ ಸಿದ್ಧನಾಗಿಯೇ ಸಾಲೆಗೆ ಹೋದ.

"ಅಜ್ಜ ಅಲ್ರಿ, ದಾಯಾದಿ," ಎಂದ ಸೋಮಲಪ್ಪ. "ಅವಕೂ ನಮಗೂ ಹಿರೇರು ಒಬ್ಬರ. ಭಾಳ ಹಿಂದ ಬ್ಯಾರೆ ಆಗೇವಿ."

ಬೇರೆಯಾದ ದಾಯಾದಿ ಎಂದರೆ ಉಳವಪ್ಪನಿಗೆ ಬಿಡಿಸಿ ಹೇಳಬೇಕೇ? ಜಗಳ ಅಲ್ಲಿಗೇ ಮರೆತುಹೋಯಿತು. ಗೋಡೆಯ ಮೇಲೆ ಮಾಸ್ತರ ಕಂದು ಹಾಳೆಯಲ್ಲಿ ತಾನೇ ಬರೆದ ಪಟ ತೂಗುತ್ತಿತ್ತು. ಮೇಲೊಂದು ತಲೆಬುರುಡೆ, ಅಲ್ಲಿಂದ ಕೆಳಗೆ ಕವಲು ಕವಲಾಗಿ ಹಳೆಯ ಕಾಲದ ಮನುಷ್ಯರು. ದಪ್ಪ ದವಡೆಯವರು, ಹುಬ್ಬು ಮುಂದೆ ಬಂದವರು, ಕಲ್ಲು ಒಡೆದು ಕೊಡಲಿ ಮಾಡಿಕೊಂಡವರು. ಅವರಲ್ಲಿ ಎಷ್ಟೋ ಕವಲುಗಳು ನಿಂತುಹೋಗಿ ನಮ್ಮದೊಂದೇ ಉಳಿದಿದೆ ಎಂದು ಸೋಮಲಪ್ಪ ವಿವರಿಸಿದ. ಹಾಗಾದರೆ ಅವರ ಭೂಮಿಯೆಲ್ಲ ಯಾರಿಗೆ ಬಂತು ಎಂದು ಉಳವಪ್ಪ ಕೇಳಿದ. ನಮಗೇ ಬಂದ ಹಾಗಾಯಿತು ಎಂದು ಮಾಸ್ತರ ನಕ್ಕ.

ಉಳವಪ್ಪನಿಗೆ ಸ್ವರ್ಗ ಮೂರೇ ಗೇಣು. ಅಲ್ಲೇ ಬಿಲ್ಲೆ ತೆಗೆದು, ಅಳಿದುಹೋದ ಪ್ರತಿಯೊಂದು ಕುಲದ ಕೆಳಗೂ ಸೊನ್ನೆ ಹಾಕಿದ. ಆಮೇಲೆ ಕೆರ ಕಳಚಿಟ್ಟು ಮೇಲಿನ ತಲೆಬುರುಡೆಗೆ ಕೈಮುಗಿದ. ಮೂಲಪುರುಷ! ಸೋಮಲಪ್ಪ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಸೋಮವಾರ ಪಟ ತೆಗೆದುಕೊಂಡು ಚಾವಡಿಗೆ ಬರಬೇಕೆಂದು ಹೇಳಿ ಮೆಟ್ಟಿಲಿಳಿದಿದ್ದ. ಇನ್ನೊಬ್ಬರ ಮಾತು ಪೂರ್ತಿ ಕೇಳುವ ಚಟ ಅವನಿಗಿರಲಿಲ್ಲ.

ಸೋಮವಾರ ಉಳವಪ್ಪ ಪಟ ಬಿಚ್ಚಿ ಅರ್ಧ ತಾಸು ಮಾತಾಡಿದ. ಲಕ್ಷಗಟ್ಟಲೆ ವರ್ಷದಿಂದ ಇದೇ ನಡೆದು ಬಂದಿದೆ, ಕವಲು ಮುಗಿದವರಿಗೆ ಸೊನ್ನೆ, ಉಳಿದವರಿಗೆ ಭೂಮಿ, ಇದೇನು ಉಳವಪ್ಪ ಹುಟ್ಟಿಸಿದ ಪದ್ಧತಿಯಲ್ಲ, ಬೇಕಾದರೆ ಈ ಮೂಲಪುರುಷನನ್ನೇ ಕೇಳಿ ಎಂದ. ಹಿರಿಯರು ತಲೆದೂಗಿದರು. ಮಾಲವ್ವ ಮಗಳ ಕೈ ಹಿಡಿದು ಕಂಬದ ಹತ್ತಿರ ನಿಂತಿದ್ದಳು. ಇದೆಲ್ಲ ಹೌದೇ ಎಂದು ತಲಾಠಿ ಮಾಸ್ತರನನ್ನು ಕೇಳಿದ.

"ಸೊನ್ನಿ ಹಾಕಿದ್ದು ಬರೋಬರಿ ಐತ್ರಿ, ಅವರ ಪೈಕಿ ಹೆಣ್ಣೂ ಉಳಿದಿಲ್ಲ, ಗಂಡೂ ಉಳಿದಿಲ್ಲ," ಎಂದ ಸೋಮಲಪ್ಪ. "ಮೂಲಪುರುಷ ಅಂದದ್ದಷ್ಟ ತಪ್ಪು. ಆಫ್ರಿಕಾದಾಗ ಸಿಕ್ಕ ಆ ತಲಿಬುರುಡಿ ಹೆಣ್ಣಮಗಳದು ಅಂತಾರ, ಅಳದು ನೋಡಿದವರು."

ಚಾವಡಿಯಲ್ಲಿ ಯಾರೋ ಕಿಸಕ್ಕೆಂದರು. ಉಳವಪ್ಪ ಆ ಬುರುಡೆಗೆ ಕೆರ ಕಳಚಿ ಕೈಮುಗಿದ ಸುದ್ದಿ ಊರಿಗೆಲ್ಲ ಮೊದಲೇ ಗೊತ್ತಿತ್ತು, ಕೈಮುಗಿದದ್ದು ಹೆಂಗಸಿಗೆ ಎಂಬುದು ಈಗ ಗೊತ್ತಾಯಿತು. ತಲಾಠಿ ಉಳವಪ್ಪನ ವಂಶಾವಳಿಯನ್ನು ಮುಂದಕ್ಕೆಳೆದುಕೊಂಡು, ಹಾಗಿದ್ದರೆ ಇದರಲ್ಲೂ ಹೆಣ್ಣುಮಕ್ಕಳನ್ನು ಬರೆದೇ ಬಿಡೋಣ, ಮೊದಲು ನಿಮ್ಮ ಅಜ್ಜಿಯ ಹೆಸರು ಹೇಳಿ ಎಂದ.

ಉಳವಪ್ಪ ಬಾಯಿ ತೆರೆದ. ಬಂದದ್ದು ಅಜ್ಜನ ಹೆಸರು. ತಾಯಿ ಇಲ್ಲದ ಅವನನ್ನೂ ಲಗಮಪ್ಪನನ್ನೂ ರೊಟ್ಟಿ ತಟ್ಟಿ ಹಾಕಿ ಸಾಕಿದವಳು ಆ ಅಜ್ಜಿ. ಆಯಿ ಎಂದು ಕರೆದದ್ದು ಬಿಟ್ಟರೆ ಅವಳಿಗೊಂದು ಹೆಸರಿದ್ದೀತು ಎಂದು ಅವನಿಗೆ ಎಂದೂ ಹೊಳೆದಿರಲಿಲ್ಲ. ಏಳು ತಲೆಮಾರು ಒಂದೇ ಉಸಿರಿಗೆ ಒದರುವವನು ಚಾವಡಿಯ ಜಂತಿ ನೋಡುತ್ತ ಕೂತ.

"ಶಂಕ್ರವ್ವ ಅಂತ್ರಿ, ಭಾವಾರ," ಎಂದಳು ಮಾಲವ್ವ ಸೆರಗು ಸರಿಮಾಡಿಕೊಂಡು. "ಆಕಿ ಹೆಸರ ಉಳೀಲಿ ಅಂತ ನಿಮ್ಮ ತಮ್ಮ ಈ ಮಗಳಿಗೆ ಇಟ್ಟಾರ. ನೀವು ಸೊನ್ನಿ ಹಾಕಿದ್ದು ಆಕಿ ಮ್ಯಾಲ."

ತಲಾಠಿ ಆ ಸೊನ್ನೆಯನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ ಎರಡು ಹೆಸರು ಬರೆದು, ಎಲ್ಲರಿಗೂ ಕೇಳುವಂತೆ ಓದಿ ಎಂದು ಕಾಗದವನ್ನು ಉಳವಪ್ಪನ ಕೈಗೇ ಕೊಟ್ಟ. ಮಾಲವ್ವ ಎಂಬುದನ್ನು ಅವನು ಹೇಗೋ ಓದಿದ. ಎರಡನೆಯದರ ಮೇಲೆ ಬೆರಳಿಟ್ಟ. ಎಂಟು ವರ್ಷದಲ್ಲಿ ಮೊದಲ ಸಲ ಶಂಕ್ರವ್ವ ಎಂದ. ಕಂಬದ ಹತ್ತಿರದಿಂದ ಹುಡುಗಿ ಓ ಎಂದಳು.